ಅಲರ್ಜಿ ಇರುವವರ ಮನೆಗೆ ಯಾವ ಪುಟ್ಟ ನಾಯಿ? ಹೊಲಿಗೆ ಮಾಡುವವಳೊಬ್ಬಳ ತಳಿ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಅಲರ್ಜಿ ತರಿಸದ ನಾಯಿ ತಳಿ ಅಂತ ಒಂದೂ ಇಲ್ಲ. ಚಿಕ್ಕದಿರಲಿ, ದೊಡ್ಡದಿರಲಿ, ಗುಂಗುರು ಕೂದಲಿರಲಿ, ಮೈಮೇಲೆ ಕೂದಲೇ ಇಲ್ಲದಿರಲಿ, ಎಲ್ಲ ನಾಯಿಗೂ ಜೊಲ್ಲಿದೆ, ಚರ್ಮವಿದೆ, ಮೂತ್ರವಿದೆ. ನಮ್ಮನ್ನು ಸೀನಿಸುವ ವಸ್ತು ಬರುವುದು ಅಲ್ಲಿಂದಲೇ. ಹಾಗಿದ್ದೂ ನಮ್ಮ ಮನೆಯಲ್ಲಿ ಒಂದು ನಾಯಿ ಇದೆ. ಹೆಣ್ಣು ಟಾಯ್ ಪೂಡಲ್, ಹೆಸರು ಚುಕ್ಕಿ. ಅವಳಿದ್ದೂ ನಾನು ರಾತ್ರಿ ಮೂಗು ಕಟ್ಟದೆ ಮಲಗುತ್ತೇನೆ. ಅವಳನ್ನು ಆರಿಸುವ ಮುಂಚೆ ಬೇರೆ ಬೇರೆ ತಳಿಗಳ ಜೊತೆ ಕೂತು, ಅವನ್ನು ಸಾಕಿದವರ ಜೊತೆ ಮಾತಾಡಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನನಗೆ ಚಿಕ್ಕಂದಿನಿಂದ ಮೂಗಿನ ಅಲರ್ಜಿ, ಜೊತೆಗೆ ಸ್ವಲ್ಪ ಉಬ್ಬಸ. ಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತೇನೆ. ಕಪ್ಪು ಬಟ್ಟೆಯ ಮೇಲೆ ಬಿದ್ದ ಒಂದೇ ಒಂದು ಬಿಳಿ ಕೂದಲೂ ನನ್ನ ಕಣ್ಣು ತಪ್ಪಿಸುವುದಿಲ್ಲ. ಹಾಗಾಗಿ ನಾಯಿಯ ವಿಷಯದಲ್ಲಿ ನನಗೆ ಎರಡು ಚಿಂತೆ ಇತ್ತು. ಒಂದು, ಬೇರೆಯವರ ಬಟ್ಟೆಗೆ ಕೂದಲು ಅಂಟಬಾರದು. ಇನ್ನೊಂದು, ನನ್ನ ಎದೆ ಕಟ್ಟಬಾರದು. ಇವೆರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕೂದಲು ಉದುರದ ನಾಯಿ ಅಂದರೆ ಅಲರ್ಜಿ ಇಲ್ಲದ ನಾಯಿ ಅಂತ ಮಾರುವವರೂ ಹೇಳುತ್ತಾರೆ. ಆದರೆ ಅವು ಬೇರೆ ಬೇರೆ ವಿಷಯ. ಬಟ್ಟೆಗೆ ಕೂದಲು ಮುಖ್ಯ. ಮೂಗಿಗೆ ಜೊಲ್ಲು ಮತ್ತು ಚರ್ಮದ ಹೊಟ್ಟು ಮುಖ್ಯ.

ನಾಯಿಯಿಂದ ಬರುವ ಅಲರ್ಜಿಯ ಪ್ರೋಟೀನುಗಳಿಗೆ ವಿಜ್ಞಾನಿಗಳು ನಂಬರ್ ಕೊಟ್ಟಿದ್ದಾರೆ. ಕ್ಯಾನ್ ಎಫ್ 1, ಕ್ಯಾನ್ ಎಫ್ 2, ಹೀಗೆ. ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯಾನ್ ಎಫ್ 1. ಅದು ಜಾಸ್ತಿ ಇರುವುದು ಜೊಲ್ಲಿನಲ್ಲಿ. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಕೂದಲ ಮೇಲೆ ಒಣಗುತ್ತದೆ, ಒಣಗಿದ್ದು ಪುಡಿಯಾಗಿ ಹೊಟ್ಟಿನ ಜೊತೆ ಉದುರುತ್ತದೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪುಡಿ ಕಿಟಕಿಯ ಬೆಳಕಲ್ಲಿ ತೇಲುವುದನ್ನು ನೋಡಿದ್ದೀರಾ? ಇದೂ ಹಾಗೇ ತೇಲುತ್ತದೆ, ಇನ್ನೂ ಸಣ್ಣದಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಸೋಫಾ, ಪರದೆ, ಗೋಡೆ ಎಲ್ಲದಕ್ಕೂ ಅಂಟುತ್ತದೆ. ನಮ್ಮ ಬಟ್ಟೆಗೆ ಅಂಟಿಕೊಂಡು ನಾಯಿಯೇ ಇಲ್ಲದ ಮನೆಗೂ ಶಾಲೆಗೂ ಹೋಗುತ್ತದೆ.

ಇದರ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. 2011ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯವರು ಒಂದೇ ನಾಯಿ ಇರುವ 173 ಮನೆಗಳ ಧೂಳು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದರು. ಒಟ್ಟು 60 ತಳಿ. ಅದರಲ್ಲಿ 11 'ಹೈಪೋಅಲರ್ಜೆನಿಕ್', ಅಂದರೆ ಅಲರ್ಜಿ ಕಡಿಮೆ ತರಿಸುವವು, ಅನ್ನಿಸಿಕೊಂಡವು. ಆ ಮನೆಗಳ ಧೂಳಿಗೂ ಉಳಿದ ಮನೆಗಳ ಧೂಳಿಗೂ ಕ್ಯಾನ್ ಎಫ್ 1 ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಮರುವರ್ಷ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ನಾಯಿಗಳ ಕೂದಲನ್ನೇ ತೆಗೆದು ನೋಡಿದರು. ಪೂಡಲ್, ಲ್ಯಾಬ್ರಡೂಡಲ್ ಮುಂತಾದ 'ಹೈಪೋಅಲರ್ಜೆನಿಕ್' ನಾಯಿಗಳ ಕೂದಲಲ್ಲೇ ಈ ಪ್ರೋಟೀನು ಜಾಸ್ತಿ ಇತ್ತು. ಮನೆಯ ಗಾಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ನನ್ನ ಗಮನ ಸೆಳೆದದ್ದು ಇನ್ನೊಂದು ಮಾತು. ಒಂದೇ ತಳಿಯೊಳಗೆ ಒಂದು ನಾಯಿಗೂ ಇನ್ನೊಂದು ನಾಯಿಗೂ ಭಾರೀ ಅಂತರವಿತ್ತು. ನಾನು ತಳಿಯನ್ನು ಮಾತ್ರ ಆರಿಸದೆ ಆ ಒಂದು ನಾಯಿಯನ್ನೇ ಆರಿಸಬೇಕು ಅಂತ ತೀರ್ಮಾನಿಸಿದ್ದು ಇದನ್ನು ಓದಿದ ಮೇಲೆ.

ಲ್ಯಾಬ್ರಡೂಡಲ್ ಹುಟ್ಟಿದ ಕಥೆಯಲ್ಲೂ ಇದೇ ಇದೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಅಂಧರಿಗೆ ದಾರಿ ತೋರಿಸುವ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್ ಅವರಿಗೆ ಹವಾಯಿಯಿಂದ ಒಂದು ಕೋರಿಕೆ ಬಂತು. ಕೇಳಿದ ಮಹಿಳೆಗೆ ಕಣ್ಣು ಕಾಣದು, ಅವರ ಗಂಡನಿಗೆ ನಾಯಿ ಅಲರ್ಜಿ. ಕಾನ್ರನ್ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಮೂರು ಮರಿ ಹುಟ್ಟಿದವು. ಮೂರರ ಕೂದಲು, ಜೊಲ್ಲಿನ ಮಾದರಿ ಹವಾಯಿಗೆ ಹೋಯಿತು. ಆ ಗಂಡನಿಗೆ ತೊಂದರೆ ಕೊಡದ್ದು ಒಂದೇ ಮರಿ. ಅಪ್ಪ ಅಮ್ಮ ಒಂದೇ, ಹುಟ್ಟಿದ್ದು ಒಟ್ಟಿಗೇ, ಆದರೂ ಹೊಂದಿದ್ದು ಒಂದು ಮಾತ್ರ! ಆಮೇಲೆ 'ಡೂಡಲ್' ಹೆಸರಲ್ಲಿ ನಡೆದ ವ್ಯಾಪಾರ ನೋಡಿ ಕಾನ್ರನ್ ಅವರೇ ಬಹಿರಂಗವಾಗಿ ಬೇಸರ ಹೇಳಿಕೊಂಡರು. ಲ್ಯಾಬ್ರಡೂಡಲ್ ಪುಟ್ಟ ನಾಯಿ ಅಲ್ಲ. ಆದರೆ ಈಗ ಪುಟ್ಟ ನಾಯಿಗಳಲ್ಲೂ ಪೂಡಲ್ ಬೆರೆಸಿದ ಮರಿಗಳನ್ನು ಮಾಲ್ಟಿಪೂ, ಕಾಕಾಪೂ ಅಂತ ಇದೇ ಭರವಸೆ ಕೊಟ್ಟು ಮಾರುತ್ತಾರೆ. ಮಿಶ್ರ ತಳಿಯ ಮರಿಯ ಕೂದಲು ಅಪ್ಪನ ಕಡೆ ಹೋಗುತ್ತದೋ ಅಮ್ಮನ ಕಡೆ ಹೋಗುತ್ತದೋ ಅಂತ ಎಳೆಯ ಮರಿಯಲ್ಲಿ ಖಾತ್ರಿ ಹೇಳಲು ಬರುವುದಿಲ್ಲ.

ಹಾಗಾದರೆ ತಳಿ ನೋಡುವುದೇ ಬೇಡವೇ? ಬೇಕು. ಜೊಲ್ಲನ್ನು ತಳಿ ನಿರ್ಧರಿಸದಿದ್ದರೂ ಮನೆಯ ಕೆಲಸವನ್ನು ನಿರ್ಧರಿಸುತ್ತದೆ. ಎಷ್ಟು ಕೂದಲು ಗುಡಿಸಬೇಕು, ಎಷ್ಟು ಸಲ ಸ್ನಾನ ಮಾಡಿಸಲು ಆಗುತ್ತದೆ, ಮುಖ ಎಷ್ಟು ಒರೆಸಬೇಕು, ಇದೆಲ್ಲ ತಳಿಯ ಮೇಲಿದೆ. ಪುಟ್ಟ ನಾಯಿಯ ದೊಡ್ಡ ಲಾಭವೂ ಇಲ್ಲೇ. ಬಕೆಟ್ ನೀರಲ್ಲಿ ಸ್ನಾನ ಮುಗಿಯುತ್ತದೆ. ಒಂದೇ ಟವೆಲ್ ಸಾಕು. ಆದರೆ ಪುಟ್ಟ ನಾಯಿ ಮಡಿಲಲ್ಲೇ ಕೂರುತ್ತದೆ, ಕೆನ್ನೆಯನ್ನೇ ನೆಕ್ಕುತ್ತದೆ. ದೊಡ್ಡ ನಾಯಿ ಕಾಲ ಬಳಿ ಮಲಗಿರುತ್ತದೆ, ಇದು ಮೂಗಿನ ಕೆಳಗೇ ಇರುತ್ತದೆ. ಮುದ್ದಿಗೆ ಬಿದ್ದು ಆರಿಸುವವರು ಇದನ್ನು ಮರೆಯಬಾರದು.

ಮಾಲ್ಟೀಸ್‌ನಿಂದ ಶುರು ಮಾಡುತ್ತೇನೆ. 3 ಕಿಲೋ ಆಸುಪಾಸಿನ ನಾಯಿ. ಒಳಪದರವಿಲ್ಲದ, ರೇಷ್ಮೆ ಎಳೆಯಂಥ ಬಿಳಿ ಕೂದಲು. ಉದುರುವುದು ಬಹಳ ಕಡಿಮೆ, ಬಟ್ಟೆಗೆ ಬಿದ್ದರೂ ಒಂದೇ ಸಲಕ್ಕೆ ಎತ್ತಬಹುದು. ತೊಂದರೆ ಇರುವುದು ಮುಖದಲ್ಲಿ. ಕಣ್ಣೀರು ಇಳಿದು ಕಣ್ಣಿನ ಕೆಳಗೆ ಕಂದು ಕಲೆ ಕಟ್ಟುತ್ತದೆ. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನಾನು ನೋಡಿದ ಮಾಲ್ಟೀಸ್ ಬಹಳ ನೆಕ್ಕುವ ಸ್ವಭಾವದ್ದು. ಅದು ನೆಕ್ಕಿದ ಜಾಗದಲ್ಲಿ ನನ್ನ ಕೈ ಕೆಂಪಗೆ ದದ್ದೆದ್ದಿತು. ಅದು ಆ ನಾಯಿಯ ಮಾತು, ತಳಿಯ ದೂರಲ್ಲ.

ಬಿಶಾನ್ ಫ್ರಿಸೆ ನೋಡಲು ಎಷ್ಟು ಚೆಂದ! 5ರಿಂದ 8 ಕಿಲೋ ಇರುತ್ತದೆ, ನಗುಮುಖದ ನಾಯಿ, ಮಕ್ಕಳ ಜೊತೆ ಹೊಂದಿಕೊಳ್ಳುತ್ತದೆ. ಇದರ ಕೂದಲು ಉದುರುವುದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಒಳಪದರದ ಕೂದಲು ಉದುರುತ್ತದೆ, ಆದರೆ ನೆಲಕ್ಕೆ ಬೀಳದೆ ಹೊರಗಿನ ಗುಂಗುರಲ್ಲೇ ಸಿಕ್ಕಿಕೊಳ್ಳುತ್ತದೆ. ಬಾಚದೇ ಬಿಟ್ಟರೆ ಗಂಟುಗಂಟಾಗಿ, ಅದರಡಿಯಲ್ಲಿ ಹೊಟ್ಟು, ತೇವ ಎಲ್ಲ ಕೂಡಿಕೊಳ್ಳುತ್ತದೆ. ಈ ನಾಯಿಗೇ ಚರ್ಮದ ಅಲರ್ಜಿ ಬರುವುದೂ ಸಾಮಾನ್ಯ. ಮೈ ಕೆರೆದುಕೊಳ್ಳುವ ನಾಯಿ ಜಾಸ್ತಿ ಹೊಟ್ಟು ಉದುರಿಸುತ್ತದೆ, ಜಾಸ್ತಿ ನೆಕ್ಕಿಕೊಳ್ಳುತ್ತದೆ. ಆದ್ದರಿಂದ ಬಿಶಾನ್ ತರುವವರು ಅದರ ತಾಯಿ ತಂದೆಗೆ ಚರ್ಮದ ತೊಂದರೆ ಇದೆಯೇ ಅಂತ ಕೇಳಲೇಬೇಕು. ಮೂತ್ರಕೋಶದ ಕಲ್ಲಿನ ಬಗ್ಗೆಯೂ ಕೇಳಿ, ಈ ತಳಿಯಲ್ಲಿ ಅದೂ ಇದೆ.

ಅದೇ ಕಾರಣಕ್ಕೆ ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರನ್ನು, ಅಂದರೆ ವೆಸ್ಟಿಯನ್ನು ನಾನು ಬೇಡ ಅಂದೆ. ಧೈರ್ಯದ, ಚುರುಕಿನ ನಾಯಿ, ನನಗೆ ಬಹಳ ಇಷ್ಟವಾಗಿತ್ತು. ಆದರೆ ಚರ್ಮದ ಅಲರ್ಜಿಗೆ ಹೆಸರಾದ ತಳಿ ಅದು.

ಮಿನಿಯೇಚರ್ ಶ್ನಾಜರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಬಹುತೇಕ ಅದನ್ನೇ ತರುವವಳಿದ್ದೆ. 5ರಿಂದ 9 ಕಿಲೋ, ಗಟ್ಟಿಮುಟ್ಟು, ಬುದ್ಧಿವಂತ. ಒರಟು ಹೊರಕೂದಲು, ಮೆತ್ತನೆಯ ಒಳಪದರ, ಉದುರುವುದು ಕಡಿಮೆ. ನನ್ನ ಮಡಿಲಲ್ಲಿ ಕೂತೆದ್ದ ಮೇಲೆ ಕಪ್ಪು ಬಟ್ಟೆಯಲ್ಲಿ ಏನೂ ಇರಲಿಲ್ಲ. ಆದರೆ ಅದರ ಗಡ್ಡ! ನೀರು ಕುಡಿದು ಬಂದು ಮುಖವನ್ನು ನನ್ನ ಸೆರಗಿಗೆ ಒರೆಸಿತು. ಜೊಲ್ಲು, ನೀರು, ತಿಂದದ್ದರ ಚೂರು ಎಲ್ಲ ಗಡ್ಡದಲ್ಲೇ ಇತ್ತು. ಜೊಲ್ಲೇ ಅಲರ್ಜಿಯ ಮೂಲವಾಗಿರುವಾಗ, ಜೊಲ್ಲು ಹಿಡಿದಿಡುವ ಗಡ್ಡದ ಬಗ್ಗೆ ಯಾಕೆ ಯಾರೂ ಎಚ್ಚರಿಸುವುದಿಲ್ಲ? ಗಡ್ಡ ಗಿಡ್ಡ ಮಾಡಿಸಿ, ಪ್ರತಿ ಊಟದ ಮೇಲೂ ತೊಳೆದು ಒರೆಸುವವರಿಗೆ ಇದು ಒಳ್ಳೆಯ ಆಯ್ಕೆ. ಇದಕ್ಕೆ ಕೊಬ್ಬಿನ ತಿಂಡಿ ಕೊಡಬೇಡಿ. ರಕ್ತದಲ್ಲಿ ಕೊಬ್ಬು ಏರುವುದು, ಮೇದೋಜೀರಕ ಗ್ರಂಥಿ ಊದಿಕೊಳ್ಳುವುದು ಈ ತಳಿಯಲ್ಲಿ ಕಾಣುವ ತೊಂದರೆ.

ಶಿಹ್ ತ್ಸು ಮತ್ತು ಲಾಸಾ ಆಪ್ಸೊ ಎರಡಕ್ಕೂ ನೀಳ ಕೂದಲು, ಎರಡೂ ಕಡಿಮೆ ಉದುರಿಸುತ್ತವೆ. ಉದ್ದ ಬಿಟ್ಟರೆ ನೆಲದ ಧೂಳು, ಹೊರಗಿನ ಪರಾಗ ಎಲ್ಲ ಕೂದಲಿಗೆ ಹತ್ತಿ ಒಳಗೆ ಬರುತ್ತದೆ. ಪರಾಗದ ಅಲರ್ಜಿಯೂ ಇದ್ದರೆ ನೀವು ಸೀನುತ್ತಿರುವುದು ನಾಯಿಗೋ ಅದು ಹೊತ್ತು ತಂದ ಪರಾಗಕ್ಕೋ ಅಂತ ಗೊತ್ತಾಗುವುದೇ ಇಲ್ಲ. ಗಿಡ್ಡಕ್ಕೆ ಕತ್ತರಿಸಿಟ್ಟರೆ ಇಬ್ಬರಿಗೂ ಆರಾಮ. ಶಿಹ್ ತ್ಸು ಮೊಂಡು ಮೂಗಿನದು, ಸೆಕೆ ತಡೆಯುವುದಿಲ್ಲ, ಉಬ್ಬಿದ ಕಣ್ಣಿಗೆ ಬೇಗ ಗಾಯವಾಗುತ್ತದೆ.

ಯಾರ್ಕ್‌ಶೈರ್ ಟೆರಿಯರ್ ಕೂದಲು ನಮ್ಮ ತಲೆಗೂದಲ ಹಾಗೆ ಬೆಳೆಯುತ್ತಲೇ ಹೋಗುತ್ತದೆ. ಬಟ್ಟೆಯ ದೃಷ್ಟಿಯಿಂದ ಹತ್ತಕ್ಕೆ ಹತ್ತು ಕೊಡುತ್ತೇನೆ. ಶ್ವಾಸನಾಳ ನಾಜೂಕು, ಕತ್ತಿಗೆ ಪಟ್ಟಿ ಹಾಕಿ ಎಳೆಯಬಾರದು, ಎದೆಗೆ ಹಾಕುವ ಹಾರ್ನೆಸ್ ಬೇಕು. ಪಗ್ ಮತ್ತು ಪೊಮೇರಿಯನ್ ಪುಟ್ಟವು, ಮುದ್ದಾದವು, ಆದರೆ ಸಿಕ್ಕಾಪಟ್ಟೆ ಕೂದಲು ಉದುರಿಸುತ್ತವೆ. ಪಗ್‌ನ ಗಿಡ್ಡ ಕೂದಲು ನೇಯ್ಗೆಯೊಳಗೆ ಚುಚ್ಚಿಕೊಂಡರೆ ಚಿಮುಟದಲ್ಲೇ ಕೀಳಬೇಕು. ಗಿಡ್ಡ ಕೂದಲಾದರೆ ಅಲರ್ಜಿ ಕಡಿಮೆ ಅನ್ನುವವರ ಮಾತು ಸುಮ್ನೆ ನಂಬಬೇಡಿ. ಕೂದಲಿಲ್ಲದ ಚೈನೀಸ್ ಕ್ರೆಸ್ಟೆಡ್ ಕೂಡ ನೆಕ್ಕುತ್ತದೆ, ಅದರ ಚರ್ಮವೂ ಉದುರುತ್ತದೆ. ಬಿಸಿಲಿಗೆ ಚರ್ಮ ಸುಡುತ್ತದೆ, ಮೊಡವೆಯೂ ಏಳುತ್ತದೆ.

ಇನ್ನು ಟಾಯ್ ಪೂಡಲ್. ಗುಂಗುರು ಕೂದಲು, ಉದುರುವುದು ಅತಿ ಕಡಿಮೆ, ಚುರುಕು ಬುದ್ಧಿ, 2ರಿಂದ 4 ಕಿಲೋ ಅಷ್ಟೆ. ಗಿಡ್ಡಕ್ಕೆ ಕತ್ತರಿಸಿದರೆ ಚರ್ಮದವರೆಗೂ ತೊಳೆಯಬಹುದು, ಬೇಗ ಒಣಗುತ್ತದೆ. ನನಗೆ ಬೇಕಾಗಿದ್ದದ್ದು ಅದೇ. ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ ಪೂಡಲ್ ಕೂದಲಿನ ಬಗ್ಗೆ ಓದಿದ್ದೂ ಇದನ್ನೇ ತಂದೆ, ಯಾಕೆಂದರೆ ಗುಂಗುರು ಹಿಡಿದಿಟ್ಟದ್ದನ್ನು ತೊಳೆದು ತೆಗೆಯಬಹುದು, ನೆಲದ ತುಂಬ ಹರಡಿದ್ದನ್ನು ಹಿಡಿಯುವುದು ಕಷ್ಟ. ತೊಳೆಯದೇ ಇಡುವ ಮನೆಯಲ್ಲಿ ಪೂಡಲ್‌ನಿಂದ ಯಾವ ಉಪಕಾರವೂ ಇಲ್ಲ. ಕಿವಿಯೊಳಗೂ ಕೂದಲು ಬೆಳೆಯುತ್ತದೆ, ಗಮನಿಸದಿದ್ದರೆ ಸೋಂಕಾಗುತ್ತದೆ. ಹಲ್ಲು ಬೇಗ ಹಾಳಾಗುತ್ತದೆ, ಮೊಣಕಾಲ ಚಿಪ್ಪು ಜಾರುವುದೂ ಉಂಟು. ಕತ್ತರಿ ಕೆಲಸ ಕೆಲವು ವಾರಕ್ಕೊಮ್ಮೆ ತಪ್ಪದೆ ಬರುತ್ತದೆ. ನನ್ನ ಕೈಗೆ ಕತ್ತರಿ ಹೊಸದಲ್ಲ, ಆದರೂ ಮುಖದ ಹತ್ತಿರದ ಕೆಲಸವನ್ನು ಗ್ರೂಮಿಂಗ್ ಬಲ್ಲವರಿಗೇ ಬಿಡುತ್ತೇನೆ. ಅಲುಗಾಡುವ ಜೀವದ ಕಣ್ಣ ಬಳಿ ಕತ್ತರಿ ಆಡಿಸಬಾರದು.

ಗಂಡೋ ಹೆಣ್ಣೋ ಅನ್ನುವುದನ್ನು ಅಲರ್ಜಿ ಇರುವವರು ತಳಿಗಿಂತ ಮೊದಲು ಯೋಚಿಸಬೇಕು. ಕ್ಯಾನ್ ಎಫ್ 5 ಅನ್ನುವ ಪ್ರೋಟೀನು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುತ್ತದೆ, ಮೂತ್ರದ ಮೂಲಕ ಕೂದಲಿಗೂ ಬರುತ್ತದೆ. ಕೆಲವರಿಗೆ ಇದೊಂದಕ್ಕೇ ಅಲರ್ಜಿ. ಅಂಥವರಿಗೆ ಹೆಣ್ಣು ನಾಯಿ ಯಾವ ತಳಿಯದಾದರೂ ಒಗ್ಗುವ ಸಾಧ್ಯತೆ ಇದೆ. ಸಂತಾನಹರಣ ಚಿಕಿತ್ಸೆಯಾದ ಗಂಡಿನಲ್ಲೂ ಇದು ಬಹಳ ತಗ್ಗುತ್ತದೆ. ಸಾಮಾನ್ಯ ಚರ್ಮದ ಪರೀಕ್ಷೆ ನಾಯಿಗೆ ಅಲರ್ಜಿ ಇದೆ ಅಂತ ಮಾತ್ರ ಹೇಳುತ್ತದೆ. ಯಾವ ಪ್ರೋಟೀನಿಗೆ ಅಂತ ಹೇಳುವ ರಕ್ತಪರೀಕ್ಷೆ ಬೇರೆ ಇದೆ. ಅಲರ್ಜಿ ತಜ್ಞರನ್ನು ಅದನ್ನೇ ಹೆಸರಿಟ್ಟು ಕೇಳಿ. ನನ್ನ ವರದಿಯಲ್ಲಿ 1 ಮತ್ತು 5 ಎರಡೂ ಬಂದಿದ್ದವು. ಹೆಣ್ಣು ನಾಯಿ ತಂದರೆ ಅರ್ಧ ತೊಂದರೆ ಬಾಗಿಲ ಹೊರಗೇ ಉಳಿಯುತ್ತದೆ ಅಂತ ನನಗೆ ಧೈರ್ಯ ಬಂದದ್ದು ಆ ಹಾಳೆ ನೋಡಿ.

ನಾಯಿಯನ್ನು ಪರೀಕ್ಷಿಸುವ ಬಗೆ ಹೇಳುತ್ತೇನೆ. ಉಬ್ಬಸ ಇರುವವರು ವೈದ್ಯರನ್ನು ಕೇಳಿಯೇ ಮಾಡಿ, ಇನ್‌ಹೇಲರ್ ಕೈಯಲ್ಲಿರಲಿ. ಮೊದಲು ತೊಳೆದ ಹತ್ತಿ ಬಟ್ಟೆಯ ತುಂಡು ಕೊಟ್ಟು ನಾಯಿಯನ್ನು ಅದರ ಮೇಲೆ ಕೆಲವು ರಾತ್ರಿ ಮಲಗಿಸಲು ಹೇಳಿದೆ. ಅದನ್ನು ಚೀಲದಲ್ಲಿ ತಂದು ಸಂಜೆ ಮಡಿಲ ಮೇಲೆ ಹಾಕಿಕೊಂಡು ಕೂತೆ. ಅಲ್ಲೇ ಸೀನು ಬಂದ ನಾಯಿಗಳನ್ನು ಕೈಬಿಟ್ಟೆ. ಆಮೇಲೆ ನಾಯಿ ಇರುವ ಕೋಣೆಯಲ್ಲೇ ಕಿಟಕಿ ಹಾಕಿ ಕೂತೆ, ಮುಂಗೈ ಒಳಭಾಗವನ್ನು ನೆಕ್ಕಲು ಬಿಟ್ಟು ಸ್ವಲ್ಪ ಹೊತ್ತು ಕಾದೆ. ಒಂದು ಭೇಟಿ ಸಾಲದು. ಕೆಲವರಿಗೆ ತೊಂದರೆ ನಿಧಾನವಾಗಿ, ದಿನಗಳು ಕಳೆದ ಮೇಲೆ ಏರುತ್ತದೆ. ಅಲರ್ಜಿ ಮಾತ್ರೆ ನುಂಗಿ ಹೋದರೆ ಏನೂ ತಿಳಿಯುವುದಿಲ್ಲ. ಎಷ್ಟು ದಿನ ನಿಲ್ಲಿಸಬೇಕು ಅಂತ ವೈದ್ಯರೇ ಹೇಳಬೇಕು. ಬೇರೆ ನಾಯಿ, ಬೆಕ್ಕು ಇಲ್ಲದ ಜಾಗದಲ್ಲಿ ಪರೀಕ್ಷೆ ಆಗಬೇಕು. ಹತ್ತು ನಾಯಿ ಇರುವ ಕಡೆ ಸೀನಿದರೆ ಯಾವುದಕ್ಕೆ ಅಂತ ಹೇಳುತ್ತೀರಿ?

ಇದಕ್ಕೆಲ್ಲ ಬೆಳೆದ ನಾಯಿಯೇ ಸರಿ. ಮರಿಯ ಕೂದಲು ಬೆಳೆಯುತ್ತಾ ಬದಲಾಗುತ್ತದೆ, ಅದರ ಸ್ವಭಾವವೂ ಗೊತ್ತಿರುವುದಿಲ್ಲ. ಚುಕ್ಕಿ ನಮ್ಮ ಮನೆಗೆ ಬಂದಾಗ ದೊಡ್ಡವಳಾಗಿದ್ದಳು, ಹಿಂದೆ ಸಾಕಿದವರು ಊರು ಬಿಡುವಾಗ ಕೊಟ್ಟುಹೋದರು. ಅವಳು ನೆಕ್ಕುವುದು ಕಡಿಮೆ ಅಂತ ಅವರೇ ಹೇಳಿದ್ದರು, ಅದು ನಿಜವಾಯಿತು. ಅದಕ್ಕೂ ಮೊದಲು ಒಬ್ಬ ಮಾರಾಟಗಾರ ನನಗೆ 'ನೂರಕ್ಕೆ ನೂರು ಅಲರ್ಜಿ ಇಲ್ಲ' ಅಂತ ಬರೆದ ಕಾಗದ ತೋರಿಸಿದ್ದ. ಮರಿಯ ಜೊತೆ ಅರ್ಧ ಗಂಟೆ ಕೂರಲು ಬಿಡಿ ಅಂದರೆ ಒಪ್ಪಲಿಲ್ಲ. ಮುಂಗಡ ಕೊಟ್ಟ ಮೇಲೆ ಮಾತ್ರ ಮುಟ್ಟಬಹುದು ಅಂದ. ಉಸಿರು ಕಟ್ಟುವವರ ಹತ್ತಿರ ಹೀಗೆ ವ್ಯಾಪಾರ ಮಾಡುವುದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಆ ಕಾಗದ ನಂಬಿ ತಂದವರ ಮನೆಯಿಂದ ನಾಯಿ ವಾಪಸ್ ಹೋಗುವಾಗ ಅದರ ಗತಿ ಏನು, ಹೇಳಿ?

ಮನೆಯಲ್ಲಿ ನಾವು ನಡೆಸಿಕೊಂಡು ಬಂದದ್ದು ಇಷ್ಟು. ಮಲಗುವ ಕೋಣೆಗೆ ಚುಕ್ಕಿಗೆ ಪ್ರವೇಶವಿಲ್ಲ, ಮೊದಲ ದಿನದಿಂದಲೂ ಇಲ್ಲ. ಅಲ್ಲಿ ಹೆಪಾ ಫಿಲ್ಟರ್ (ಬಹಳ ಸಣ್ಣ ಧೂಳನ್ನೂ ಹಿಡಿಯುವ ಸೋಸು ಪದರ) ಇರುವ ಏರ್ ಪ್ಯೂರಿಫೈಯರ್ ಓಡುತ್ತದೆ. ಕಾರ್ಪೆಟ್ ತೆಗೆದೆವು. ನೆಲವನ್ನು ಒಣ ಪೊರಕೆಯಲ್ಲಿ ಗುಡಿಸುವುದಿಲ್ಲ, ಒದ್ದೆ ಬಟ್ಟೆಯಲ್ಲೇ ಒರೆಸುತ್ತೇವೆ. ಹೊಲಿಗೆ ಕೋಣೆಗೂ ಅವಳು ಬರುವುದಿಲ್ಲ, ಬಾಗಿಲ ಬಳಿ ಅವಳದೇ ಚಾಪೆ ಇದೆ. ವಾರಕ್ಕೆ ಎರಡು ಸ್ನಾನ. ತೊಳೆದರೆ ಕ್ಯಾನ್ ಎಫ್ 1 ಇಳಿಯುತ್ತದೆ, ಆದರೆ ಕೆಲವೇ ದಿನಕ್ಕೆ ಮತ್ತೆ ಏರುತ್ತದೆ ಅಂತ 1999ರ ಒಂದು ಅಧ್ಯಯನ ತೋರಿಸಿತ್ತು, ವಾರಕ್ಕೆ ಎರಡು ಬಾರಿ ಬೇಕು ಅಂತ ಅದರಲ್ಲೇ ಇದೆ. ಇಷ್ಟು ಸ್ನಾನಕ್ಕೆ ನಾಯಿಯ ಚರ್ಮ ಒಣಗಬಾರದು, ಒಣಗಿದರೆ ಹೊಟ್ಟು ಇನ್ನೂ ಜಾಸ್ತಿ. ಪಶುವೈದ್ಯರನ್ನು ಕೇಳಿ ಮೃದುವಾದ, ನಾಯಿಗಳಿಗೆಂದೇ ಇರುವ ಶಾಂಪೂ ತನ್ನಿ. ಬಾಚುವುದು, ಮೀಯಿಸುವುದು ಎರಡೂ ನನ್ನ ಗಂಡನ ಕೆಲಸ, ಅವರಿಗೆ ಅಲರ್ಜಿ ಇಲ್ಲ. ಬಾಚುವುದಂತೂ ಮನೆಯ ಹೊರಗೇ. ಅವಳನ್ನು ಮುದ್ದು ಮಾಡಿದ ಕೈಯನ್ನು ನಾನು ತೊಳೆಯದೆ ಕಣ್ಣಿಗೆ ತಾಗಿಸುವುದಿಲ್ಲ. ವೈದ್ಯರು ಕೊಟ್ಟ ಮೂಗಿನ ಸ್ಪ್ರೇ ದಿನಾ ತಪ್ಪದೆ ಹಾಕುತ್ತೇನೆ.

ನಿಮ್ಮ ಮನೆಯಲ್ಲಿ ಇಷ್ಟು ಮಾಡಲು ಅಲರ್ಜಿ ಇಲ್ಲದ ಒಬ್ಬರಾದರೂ ಇದ್ದಾರಾ? ಇದ್ದರೆ ನನ್ನ ಮೊದಲ ಆಯ್ಕೆ ಬೆಳೆದ ಹೆಣ್ಣು ಟಾಯ್ ಪೂಡಲ್, ಎರಡನೆಯದು ಗಡ್ಡ ಕತ್ತರಿಸಿದ ಹೆಣ್ಣು ಮಿನಿಯೇಚರ್ ಶ್ನಾಜರ್, ಮೂರನೆಯದು ಗಿಡ್ಡ ಕೂದಲ ಮಾಲ್ಟೀಸ್. ಉಬ್ಬಸ ಜೋರಾಗಿ ಆಸ್ಪತ್ರೆ ಸೇರಿದ ಅನುಭವ ಇರುವವರು ಯಾವ ತಳಿಯನ್ನೂ ತರಬೇಡಿ, ಮೊದಲು ನಿಮ್ಮ ವೈದ್ಯರು ಒಪ್ಪಬೇಕು. ತರುವ ಮುಂಚೆ ಕೊಡುವವರಿಂದ ಒಂದು ಮಾತು ಬರಹದಲ್ಲಿ ಪಡೆಯಿರಿ: ಒಂದು ತಿಂಗಳೊಳಗೆ ನಿಮಗೆ ಒಗ್ಗದಿದ್ದರೆ ನಾಯಿಯನ್ನು ಅವರೇ ವಾಪಸ್ ಪಡೆದು ಸಾಕಬೇಕು. ಪುಟ್ಟ ನಾಯಿಗಳು 12, 15 ವರ್ಷ ಬದುಕುತ್ತವೆ. ಕೊಡುವವರು ಈ ಷರತ್ತಿಗೆ ಒಪ್ಪದಿದ್ದರೆ ಆ ನಾಯಿ ಎಷ್ಟೇ ಮುದ್ದಾಗಿದ್ದರೂ ಬೇರೆ ಕಡೆ ನೋಡಿ.